ನಾಯಿಯ ಉಣ್ಣೆ ಔಷಧಿ ಬೆಕ್ಕಿಗೆ ಹಾಕಬೇಡಿ

ಮನೆಯಲ್ಲಿ ನಾಯಿ, ಬೆಕ್ಕು ಎರಡೂ ಇರುವವರು ದಯವಿಟ್ಟು ಗಮನಿಸಿ. ನಾಯಿಯ ಬೆನ್ನಿಗೆ ಹಾಕುವ ಉಣ್ಣೆ, ಚಿಗಟದ ಹನಿ ಔಷಧಿಗಳಲ್ಲಿ ಕೆಲವುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿಗೆ ಅದು ವಿಷ. ಬೆಕ್ಕಿನ ಲಿವರ್ ಅದನ್ನು ಬೇಗ ಹೊರಹಾಕಲಾರದು. ಸ್ವಲ್ಪ ತಾನೇ ಅಂತ ಒಂದೆರಡು ಹನಿಯೂ ಬೇಡ. ಲೇಬಲ್ ಓದಿಯೇ ಹಾಕಿ.

ಔಷಧಿ ಹಾಕಿದ ನಾಯಿಯನ್ನು ಬೆಕ್ಕು ನೆಕ್ಕಿದರೂ, ಅದಕ್ಕೆ ಒತ್ತಿಕೊಂಡು ಮಲಗಿದರೂ ಅಪಾಯವೇ. ನಮ್ಮ ಮನೆಯ ಬೆಕ್ಕುಗಳು ಮಾಡುವುದೇ ಅದನ್ನು ಅಲ್ವಾ? ಹಾಗಾಗಿ 3 ದಿನ ಎರಡನ್ನೂ ಬೇರೆ ಬೇರೆ ಇಡಿ.

ಬೆಕ್ಕಿಗೆ ಜೊಲ್ಲು ಸುರಿದರೆ, ಕಿವಿ ಅದುರಿದರೆ, ಮೈ ನಡುಗಿದರೆ, ಫಿಟ್ಸ್ ಬಂದರೆ ಸುಮ್ನೆ ಕಾಯಬೇಡಿ. ಮನೆಮದ್ದೂ ಬೇಡ. ಔಷಧಿಯ ಪ್ಯಾಕೆಟ್ ಜೊತೆಗೇ ಹಿಡಿದು ತಕ್ಷಣ ಪಶುವೈದ್ಯರ ಹತ್ತಿರ ಹೋಗಿ.