ಗ್ರೇ ಬಟ್ಟೆಯನ್ನು ಬರೀ ನೀರಲ್ಲಿ ಬೇಯಿಸಿ ನೋಡಿದೆ

ಎರಡು ವರ್ಷ ನಮ್ಮ ತಿರುಪ್ಪೂರಿನ ಡೈಯಿಂಗ್ ಘಟಕದ ನೀರಿನ ರಿಪೋರ್ಟಲ್ಲಿ ಕೆಂಪು ಬಿದ್ದಿದ್ದು ಒಂದೇ ಕಾಲಂ, ಎನ್‌ಪಿಇಒ. ಸೋಪಿನಂಥ ಕೆಮಿಕಲ್, ನೀರಿನ ಜೀವಿಗಳಿಗೆ ವಿಷ. ಬಟ್ಟೆ ಬ್ರ್ಯಾಂಡುಗಳು ಸೇರಿ ಅಪಾಯಕಾರಿ ಕೆಮಿಕಲ್ ತಡೆಯೋಕೆ ಕಟ್ಟಿದ ಝಡ್‌ಡಿಎಚ್‌ಸಿಯ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ನಮ್ಮದು ಒಮ್ಮೆ ನಲವತ್ತರ ಹತ್ತಿರ, ಇನ್ನೊಮ್ಮೆ ಅರವತ್ತು ಚಿಲ್ಲರೆ. ತಿರುಪ್ಪೂರಿನ ಡೈಯಿಂಗ್‌ನವರಿಗೆ ನೀರಿನ ತಲೆನೋವು ಹೊಸದಲ್ಲ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಘಟಕಗಳಿಗೆ ಬೀಗ ಬಿದ್ದಾಗ ಕೊಳ್ಳೇಗಾಲಕ್ಕೆ ಬಂದು ಅಣ್ಣನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದವನು ನಾನು. ಈಗ ಹೊಳೆಗೆ ಹನಿ ನೀರು ಬಿಡಲ್ಲ, ಎಲ್ಲ ಝಡ್‌ಎಲ್‌ಡಿ, ಅಂದರೆ ಶುದ್ಧ ಮಾಡಿ ನಾವೇ ಮತ್ತೆ ಬಳಸೋದು. ಆದರೂ ಬೈಯರ್ ಕೇಳೋದು ಇಟಿಪಿಗೆ, ಅಂದರೆ ಕೊಳೆನೀರು ಶುದ್ಧ ಮಾಡುವ ಘಟಕಕ್ಕೆ, ಹೋಗುವ ಮುಂಚಿನ ನೀರಿನ ಲೆಕ್ಕ.

ಎಲ್ಲರ ಹಾಗೆ ನಾನೂ ಮೊದಲು ಕೆಮಿಕಲ್ ಗೋಡೌನ್ ಮೇಲೆ ಬಿದ್ದೆ. ವೆಟಿಂಗ್ ಏಜೆಂಟ್, ಸೋಪು, ಲೆವೆಲಿಂಗ್, ಎಲ್ಲಕ್ಕೂ ಎಂಆರ್‌ಎಸ್‌ಎಲ್ (ಝಡ್‌ಡಿಎಚ್‌ಸಿಯ ನಿಷೇಧಿತ ಕೆಮಿಕಲ್ ಪಟ್ಟಿ) ಸರ್ಟಿಫಿಕೇಟ್ ಇತ್ತು. ಆದರೂ ಸೋಪು ಬದಲಾಯಿಸಿದೆ. ಕೆಜಿಗೆ ಮೂವತ್ತು ರೂಪಾಯಿ ಜಾಸ್ತಿ, ತಿಂಗಳಿಗೆ ಹತ್ತಿರಹತ್ತಿರ ಐವತ್ತು ಸಾವಿರ ಹೊರೆ. ರಿಪೋರ್ಟ್ ಅಲ್ಲಾಡಲಿಲ್ಲ. ಆಮೇಲೆ ಮೆಷಿನ್ ತೊಳೆಯುವ ಸೋಪು ನಿಲ್ಲಿಸಿದೆ. ಅದಕ್ಕೆ ಸರ್ಟಿಫಿಕೇಟೇನು, ಲೇಬಲ್ಲೇ ಇರಲಿಲ್ಲ. ಹತ್ತು-ಹನ್ನೆರಡು ಇಳಿಯಿತು, ಅಷ್ಟೇ.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯ್ತು. ಅಂಟವಾಳಕಾಯಿ ನೆನೆಸಿ, ಸೋಸಿ, ಬಟ್ಟೆಯನ್ನು ಹಗ್ಗದ ಹಾಗೆ ಸುತ್ತಿಸುವ ಸಣ್ಣ ಸಾಫ್ಟ್ ಫ್ಲೋ ಮೆಷಿನ್ನಿಗೆ ಸುರಿದೆ. ನೊರೆಗೆ ಬಟ್ಟೆ ಹಗ್ಗ ಸಿಕ್ಕಿಕೊಂಡು ಮುಂದಕ್ಕೇ ಹೋಗಲಿಲ್ಲ, ಪಂಪು ಗಾಳಿ ಕುಡಿದು ಕೂಗತೊಡಗಿತು. ನಲವತ್ತು ಕೆಜಿ ಬಟ್ಟೆ ಹಾಳು. ಡೈಯಿಂಗ್ ಮಾಸ್ಟರ್ ಇವತ್ತಿಗೂ ನನ್ನನ್ನು ‘ಅಂಟವಾಳ’ ಅಂತಲೇ ಕರೆಯೋದು.

ದಾರಿ ಸಿಕ್ಕಿದ್ದು ಒಂದು ಭಾನುವಾರ. ತೊಳೆದ ಮೆಷಿನ್ನಿಗೆ ಗ್ರೇ ಬಟ್ಟೆ, ಅಂದರೆ ನಿಟ್ಟಿಂಗ್‌ನಿಂದ ಬಂದು ಇನ್ನೂ ತೊಳೆಯದ ಬಟ್ಟೆ, ಏರಿಸಿದೆ. ಕೆಮಿಕಲ್ ಒಂದು ತೊಟ್ಟೂ ಇಲ್ಲ, ಬರೀ ಆರ್‌ಒ ನೀರು, ಎಂಬತ್ತು ಡಿಗ್ರಿ, ಅರ್ಧ ಗಂಟೆ. ಡ್ರೈನ್ ಬಾಯಲ್ಲಿ ಗಾಜಿನ ಬಾಟಲಿ ಹಿಡಿದೆ. ಅಕ್ಕಿ ತೊಳೆದ ನೀರಿನ ಬಣ್ಣ, ಮೇಲೆ ತೆಳ್ಳಗೆ ಎಣ್ಣೆ ಪೊರೆ. “ಬಿಸಿನೀರು ಟೆಸ್ಟ್ ಮಾಡಿಸೋಕೆ ಹನ್ನೆರಡು ಸಾವಿರ ಕೊಡಬೇಕಾ?” ಅಂತ ಮೊದಲಾಳಿ, ಅಂದರೆ ನಮ್ಮ ಮಾಲೀಕರು, ತಮಿಳಲ್ಲಿ ರೇಗಿದರು. ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಸಾರ್ ಅಂದೆ.

ರಿಪೋರ್ಟ್ ಬಂತು, ಇನ್ನೂರರ ಮೇಲೆ!

ಕಳ್ಳ ಬಟ್ಟೆಯಲ್ಲೇ ಇದ್ದ, ನಿಟ್ಟಿಂಗ್ ಸೂಜಿಗೆ ಹಾಕುವ ಎಣ್ಣೆ. ತೊಳೆದರೆ ಹೋಗಲಿ ಅಂತ ಅದಕ್ಕೆ ಎಣ್ಣೆ-ನೀರು ಬೆರೆಸುವ ಎಮಲ್ಸಿಫೈಯರ್ ಹಾಕಿರ್ತಾರೆ, ಅಗ್ಗದ ಎಣ್ಣೆಯಲ್ಲಿ ಅದು ಹೆಚ್ಚಾಗಿ ಎನ್‌ಪಿಇಒ. ವರ್ಷಾವರ್ಷ ನಾನು ತುಂಬುವ ಸಸ್ಟೈನಬಿಲಿಟಿ ಫಾರಂನಲ್ಲಿ ನಾವು ಕೊಂಡ ಡ್ರಮ್ಮಿನ ಪಟ್ಟಿ ಪಕ್ಕಾ ಇತ್ತು. ಬಟ್ಟೆ ಹೊತ್ತು ತಂದಿದ್ದನ್ನು ಬರೆಯೋಕೆ ಅಲ್ಲಿ ಜಾಗವೇ ಇಲ್ಲ.

ನಮಗೆ ಬಟ್ಟೆ ಕೊಡುವ ಆರು ನಿಟ್ಟಿಂಗ್‌ನವರ ಬಟ್ಟೆ ಬೇರೆಬೇರೆ ಬೇಯಿಸಿದ್ರೆ ದುಡ್ಡು ಮುಗಿದು ಹೋಗ್ತಿತ್ತು. ಹಲವರ ಬಟ್ಟೆ ಬೆರೆಸಿ ಬೇಯಿಸಿ, ಕೆಲವೇ ಬಾಟಲಿಯಲ್ಲಿ ಕಳ್ಳರನ್ನು ಹಿಡಿದೆ. ಹೇಗೆ ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸಿಕ್ಕಿದ್ದು ಇಬ್ಬರು. ಒಬ್ಬರು ಎಣ್ಣೆ ಬದಲಾಯಿಸಿದರು, ಕೆಜಿ ಬಟ್ಟೆಗೆ ಹತ್ತು-ಹದಿನೈದು ಪೈಸೆ ಹೆಚ್ಚಾಗಿರಬಹುದು. ಇನ್ನೊಬ್ಬರು ಜಗಳವಾಡಿ ಹೋದರು. ಕಳೆದ ಅಕ್ಟೋಬರ್ ರಿಪೋರ್ಟಲ್ಲಿ ಆ ಕಾಲಂ ಹಸಿರು. ಹಳೇ ಸೋಪಿಗೇ ವಾಪಸ್ ಬಂದೆ, ಆ ಐವತ್ತು ಸಾವಿರ ಉಳಿಯಿತು. ಮೊದಲಾಳಿ ಅದನ್ನು ತಾವೇ ಕಂಡುಹಿಡಿದ ಹಾಗೆ ಆಡಿಟರ್‌ಗೆ ವಿವರಿಸುತ್ತಿದ್ದರು, ನಾನು ಪಕ್ಕದಲ್ಲಿ ಟೀ ಕುಡೀತಿದ್ದೆ.

ಲೈಕ್ರಾ ಲಾಟಿನಲ್ಲಿ ಈ ಲೆಕ್ಕ ನಡೆಯುತ್ತಿಲ್ಲ, ಅದರ ನೂಲಿಗೇ ಬೇರೆ ಎಣ್ಣೆ. ಹೋದ ವಾರ ಮೂರು ಬಾಟಲಿ ಕಳಿಸಿದ್ದೀನಿ.