ಯಮನ್ ಹಾಡಿಗೆ ಮಿಡಿ ಮೆಲೊಡಿ: ನನ್ನ ಅನುಭವ

ಶಿರಸಿಯ ಆಷಾಢದ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಮೈಕಿಟ್ಟು ಕೊಳಲು ರೆಕಾರ್ಡ್ ಮಾಡುವುದು ಆಗದ ಮಾತು. ಕೀಬೋರ್ಡಿನಲ್ಲಿ ನುಡಿಸಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಮಿಡಿಗೆ (MIDI) ಆ ತೊಂದರೆಯಿಲ್ಲ. ಅದು ದನಿಯನ್ನು ಹಿಡಿಯುವುದೇ ಇಲ್ಲ. ಯಾವ ಕೀ ಒತ್ತಿದೆವು, ಎಷ್ಟು ಬಲವಾಗಿ, ಯಾವಾಗ ಬಿಟ್ಟೆವು ಎಂಬುದನ್ನಷ್ಟೇ ಬರೆದುಕೊಳ್ಳುತ್ತದೆ. ಮಕ್ಕಳು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡುವ ಭಾವಗೀತೆಗಳಿಗೆ ನಾನು ಬ್ಯಾಂಡ್-ಇನ್-ಎ-ಬಾಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಹಿನ್ನೆಲೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, chord) ಬರೆದು ಸ್ಟೈಲ್ ಆರಿಸಿದರೆ ಡ್ರಮ್ಸ್, ಬಾಸ್, ಪಿಯಾನೊ ತಾವಾಗಿಯೇ ಬರುತ್ತವೆ. ಹಾಡಿನ ಮೆಲೊಡಿ ಮಾತ್ರ ನಾವೇ ನುಡಿಸಬೇಕು.

ಯಮನ್ ರಾಗಕ್ಕೆ ತೀವ್ರ ಮಧ್ಯಮವೇ ಬೇಕು, ಹಾಗಾಗಿ ಮೊದಲು ಕಾರ್ಡ್‌ಗಳನ್ನೇ ಸೋಸಿಕೊಳ್ಳಬೇಕು. ಬಿಳಿ ಒಂದನ್ನು (ಸಿ ಕೀ) ಷಡ್ಜ ಮಾಡಿಕೊಂಡರೆ ಎಫ್ ಮೇಜರ್ ಕೂಡದು, ಅದರಲ್ಲಿ ಶುದ್ಧ ಮಧ್ಯಮವಿದೆ. ಆ ಜಾಗಕ್ಕೆ ನಾನು ಡಿ ಮೇಜರ್ ಅಥವಾ ಬಿ ಮೈನರ್ ಹಾಕುತ್ತೇನೆ. ಎರಡರಲ್ಲೂ ತೀವ್ರ ಮಧ್ಯಮ ಸಿಗುತ್ತದೆ. ದಾದ್ರಾ ತಾಳದ ಆರು ಮಾತ್ರೆಗಳನ್ನು ಮೂರು ಬೀಟಿನ ಎರಡು ಬಾರ್‌ಗಳಾಗಿ ಬರೆದರೆ ಸಾಕು.

ಕೀ ಒತ್ತಿದ್ದಕ್ಕೂ ದನಿ ಕೇಳುವುದಕ್ಕೂ ನಡುವೆ ತಡವಾದರೆ ಲಯ ಕೈಗೆ ಸಿಗುವುದಿಲ್ಲ. ಅದಕ್ಕೇ ತಡ ಕಡಿಮೆ ಮಾಡುವ ಎಎಸ್‌ಐಓ (ASIO) ಡ್ರೈವರ್ ಬಳಸಿ, ದನಿಯನ್ನು ಕ್ಷಣಕಾಲ ತುಂಬಿಡುವ ಬಫರನ್ನು 256 ಸ್ಯಾಂಪಲ್‌ಗೆ ಇಳಿಸಿದ್ದೇನೆ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ ಅದರಿಂದಾಗುವ ತಡ ಸುಮಾರು 6 ಮಿಲಿಸೆಕೆಂಡ್.

ಇಡೀ ಹಾಡನ್ನು ಒಂದೇ ಉಸಿರಿಗೆ ನುಡಿಸುವುದಿಲ್ಲ. ಪಲ್ಲವಿ ಬೇರೆ, ಚರಣ ಬೇರೆ. ರೆಕಾರ್ಡ್ ಆದ ಮೇಲೆ ಸ್ವರಗಳನ್ನು ಬೀಟಿನ ಗೆರೆಗೆ ಸರಿಯಾಗಿ ಕೂರಿಸುವ ಕ್ವಾಂಟೈಸನ್ನು ಎಲ್ಲರೂ ಒತ್ತುತ್ತಾರೆ, ನಾನು ಒತ್ತುವುದಿಲ್ಲ. ಹಾಗೆ ಗೆರೆಗೆ ತಂದ ಮೆಲೊಡಿಯನ್ನು ನಮ್ಮ ತಬಲಾ ಹುಡುಗ ಒಮ್ಮೆ ಕೇಳಿ, "ಅಕ್ಕಾ, ಇದು ಮಷಿನ್ ನುಡಿಸಿದಾಂಗೆ ಕೇಳ್ತು" ಅಂದ. ಭಾವಗೀತೆಯಲ್ಲಿ ಪದ ಬೀಟಿಗಿಂತ ತುಸು ಹಿಂದೆ ಬೀಳುವುದೇ ಚೆಂದ. ಈ ಸಾಫ್ಟ್‌ವೇರ್‌ನಲ್ಲಿ ಒಂದು ಬೀಟನ್ನು 120 ಸಣ್ಣ ಪಾಲು, ಅಂದರೆ ಟಿಕ್, ಮಾಡಲಾಗಿದೆ. ನಿಮಿಷಕ್ಕೆ 80 ಬೀಟಿನ ವೇಗದಲ್ಲಿ ಒಂದು ಟಿಕ್ ಎಂದರೆ 6 ಮಿಲಿಸೆಕೆಂಡಿಗೆ ಕೊಂಚ ಹೆಚ್ಚು. ನಿಜಕ್ಕೂ ಮುಗ್ಗರಿಸಿದ ಸ್ವರವನ್ನು ಮಾತ್ರ ಹುಡುಕಿ ನಾಲ್ಕೈದು ಟಿಕ್ ಸರಿಸುತ್ತೇನೆ. ಉಳಿದದ್ದು ಬೆರಳು ನುಡಿಸಿದಂತೆಯೇ ಇರಲಿ.

ಹೆಚ್ಚು ಹೊತ್ತು ಹಿಡಿಯುವುದು ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಕೀಬೋರ್ಡಿನಲ್ಲಿ ಸ್ವರವನ್ನು ಏರಿಳಿಸುವ ಬೆಂಡ್ ಚಕ್ರ ಸಾಮಾನ್ಯವಾಗಿ ಆಚೆ ಈಚೆ ಎರಡೇ ಸೆಮಿಟೋನ್ (ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ) ಹೋಗುತ್ತದೆ. ನಿಷಾದದಿಂದ ಷಡ್ಜಕ್ಕೆ ಅಷ್ಟು ಸಾಕು. ಆದರೆ ಯಮನ್‌ನ ಜೀವವಿರುವ ಪಂಚಮ-ರಿಷಭದ ಜಾರಿಗೆ ಐದು ಸೆಮಿಟೋನ್ ಬೇಕು. ಮೆಲೊಡಿಯ ಶುರುವಿನಲ್ಲೇ ಮಿಡಿಯ ಸೆಟ್ಟಿಂಗ್ ಸಂದೇಶಗಳಾದ ಕಂಟ್ರೋಲರ್ 101 ಮತ್ತು 100ಕ್ಕೆ ಸೊನ್ನೆ, ಆಮೇಲೆ 6ಕ್ಕೆ 12 ಎಂದು ಬರೆದರೆ ಚಕ್ರಕ್ಕೆ ಇಡೀ ಸಪ್ತಕದ ಹರವು ಬರುತ್ತದೆ. ಆಗ ಪಂಚಮದ ಕೀ ಒತ್ತಿ ಹಿಡಿದು ಚಕ್ರವನ್ನು ಕೆಳಗೆಳೆದು, ರಿಷಭಕ್ಕೆ ಮುಟ್ಟಿದ್ದನ್ನು ಕಿವಿಯಿಂದಲೇ ತಿಳಿಯಬೇಕು. ಕೀ ಬಿಟ್ಟ ಮೇಲೆ ಚಕ್ರ ನಡುವಿಗೆ ಮರಳಲೇಬೇಕು, ಇಲ್ಲದಿದ್ದರೆ ಮುಂದಿನ ಸ್ವರ ಅಪಸ್ವರ.

ಅರೇಂಜ್ ಮಾಡುವಾಗ ಕೈ ಬಿಗಿಹಿಡಿಯುತ್ತೇನೆ. ಪಲ್ಲವಿ ಮೊದಲ ಸಲ ಬಂದಾಗ ಕೊಳಲು ಹಾಡಿನ ಜೊತೆ ಮೆಲ್ಲಗೆ ಸಾಗುತ್ತದೆ, ಚರಣದಲ್ಲಿ ಸುಮ್ಮನಿರುತ್ತದೆ, ನಡುವಿನ ಸಂಗೀತದಲ್ಲಿ ವಯಲಿನ್ ಸಮೂಹ. ಮೆಲೊಡಿಗೆ ತಾನಾಗಿ ಎರಡನೇ ದನಿ ಸೇರಿಸುವ ಹಾರ್ಮೊನಿ ಸೌಲಭ್ಯವಿದೆ. ಅದು ಕಾರ್ಡ್ ನೋಡಿ ಸ್ವರ ಆರಿಸುವುದರಿಂದ ಶುದ್ಧ ಮಧ್ಯಮ ನುಸುಳಬಹುದು. ರಾಗದ ಹಾಡಿಗೆ ಅದನ್ನು ನಾನು ಹಾಕುವುದಿಲ್ಲ.

ಹಾಡುವ ಹುಡುಗಿಯ ಶ್ರುತಿ ಕಪ್ಪು ನಾಲ್ಕಾದರೆ (ಜಿ ಶಾರ್ಪ್ ಕೀ), ಕೊನೆಗೆ ಬಿಳಿ ಒಂದರಿಂದ ಎಲ್ಲವನ್ನೂ ನಾಲ್ಕು ಸೆಮಿಟೋನ್ ಇಳಿಸುತ್ತೇನೆ. ಎರಡು ಫೈಲ್ ಕಳಿಸುತ್ತೇನೆ: ಅಭ್ಯಾಸಕ್ಕೆ ಮೆಲೊಡಿ ಇರುವುದು, ವೇದಿಕೆಗೆ ಹಾಡಿನ ಭಾಗದಲ್ಲಿ ಅದನ್ನು ತೆಗೆದದ್ದು.