ಗಿರಾಕಿ ದೇವರೇ, ಆದರೂ ವಿಡಿಯೊ ಇರಲಿ

ವಾಪಸ್ ಬಂದ ಪಾರ್ಸಲ್ ಬಿಚ್ಚಿದೆ. ಒಳಗಿದ್ದದ್ದು ನಾನು ಕಳಿಸಿದ ಇಳಕಲ್ ಸೀರೆ ಅಲ್ಲ. ಹೂವಿನ ಪ್ರಿಂಟಿನ ಹಳೇ ಸಿಂಥೆಟಿಕ್ ಸೀರೆ. ಅಂಚಿಗೆ ಫಾಲ್ ಹಚ್ಚಿತ್ತು, ಒಂದು ಕಡೆ ಅರಿಶಿನದ ಕಲೆ ಬೇರೆ. ನಾನು ಕಳಿಸಿದ್ದು 2,800 ರೂಪಾಯಿಯ ಕೈಮಗ್ಗದ ಸೀರೆ. ನಾನು ಮಾಲು ಮಾರುವ ಆ್ಯಪ್‌ನವರು ಅಷ್ಟೂ ಹಣವನ್ನು ಗಿರಾಕಿಗೆ ಆಗಲೇ ಮರಳಿಸಿದ್ದರು. ದೂರು ಕೊಟ್ಟರೆ, ‘ಪುರಾವೆ ಏನಿದೆ?’ ಎಂದು ಕೇಳಿದರು. ಏನೂ ಇರಲಿಲ್ಲ.

ಇಳಕಲ್‌ನ ನಮ್ಮ ಓಣಿಯಲ್ಲಿ ಕೂತು ಫೋನಿನಲ್ಲೇ ಸೀರೆ, ಗುಳೇದಗುಡ್ಡದ ಖಣ ಮಾರುವುದು ನನ್ನ ಕೆಲಸ. ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ, ವಿಜಯಪುರದ ಒಣದ್ರಾಕ್ಷಿ ಹೀಗೆ ಮನೆಯಿಂದಲೇ ಮಾರುವವರೂ ನನಗೆ ಪರಿಚಯ. ಮಾಲು ಬೇರೆ, ಗೋಳು ಒಂದೇ. ಕಳಕೊಂಡ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಶುರು ಮಾಡಿದವರು ಕಳಕೊಳ್ಳುವ ಮುಂಚೆಯೇ ಓದಲಿ.

ಮೊದಲು, ಯಾವ ತರಹದ ಗಿರಾಕಿ ನೋಡಿ

ಕಿರಿಕಿರಿ ಗಿರಾಕಿ ಬೇರೆ, ಮೋಸದ ಗಿರಾಕಿ ಬೇರೆ. ನಲವತ್ತು ಫೋಟೊ ಕೇಳಿ, ನೂರು ರೂಪಾಯಿ ಬಿಡಿಸಲು ಎರಡು ದಿನ ಚೌಕಾಸಿ ಮಾಡಿ, ಕೊನೆಗೆ ‘ಮನ್ಯಾಗ ಕೇಳಿ ಹೇಳ್ತೀನ್ರೀ’ ಅನ್ನುವವರು ಮೋಸಗಾರರಲ್ಲ. ಸಂತೆಯಲ್ಲೂ ಹಾಗೇ ಮಾಡುತ್ತಾರೆ, ಅಲ್ವಾ? ನನಗೆ ಅತಿ ಹೆಚ್ಚು ಕಾಡಿದ ಒಬ್ಬರು ಆಮೇಲೆ ಮಗಳ ಮದುವೆಗೆ ಹನ್ನೊಂದು ಸೀರೆ ಒಯ್ದರು. ಇಂಥವರಿಗೆ ಬೇಕಾದದ್ದು ತಾಳ್ಮೆ. ಮೋಸದವರು ಚೌಕಾಸಿ ಮಾಡುವುದೇ ಕಡಿಮೆ. ದರ ಕೇಳುವುದಿಲ್ಲ, ಬಣ್ಣ ಕೇಳುವುದಿಲ್ಲ, ‘ಈಗಲೇ ಕಳಿಸಿ’ ಎಂದು ಅವಸರ ಮಾಡುತ್ತಾರೆ. ಅವಸರ ಕಂಡಲ್ಲಿ ನೀವು ನಿಧಾನ ಮಾಡಿ.

ಫೋಟೊ ಕೆಳಗೆ ಎಲ್ಲ ಬರೆಯಿರಿ

ಜಗಳಗಳಲ್ಲಿ ಜಾಸ್ತಿ ಪಾಲು ಮೋಸದಿಂದ ಹುಟ್ಟುವುದಿಲ್ಲ, ಗೊತ್ತಿಲ್ಲದ್ದರಿಂದ ಹುಟ್ಟುತ್ತವೆ. ಬೆಂಗಳೂರಿನ ಒಬ್ಬ ಗಿರಾಕಿ ಸಿಟ್ಟಿನಲ್ಲಿ ಫೋನ್ ಮಾಡಿದ್ದರು: ‘ಬೇರೆ ಸೀರೆಯ ಸೆರಗು ಜೋಡಿಸಿ ಕಳಿಸಿದ್ದೀರಿ!’ ಪಾಪ, ಅವರು ಕಂಡದ್ದು ನಿಜ. ಇಳಕಲ್ ಸೀರೆಯ ಒಡಲಿನ ಹಾಸಿನ ಎಳೆ ಬೇರೆ, ಸೆರಗಿನದು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೊಂಡಿಯೇ ಇಳಕಲ್ ಸೀರೆಯ ಗುರುತು. ನಮಗೆ ಅದು ಹೆಮ್ಮೆ, ಅವರ ಕಣ್ಣಿಗೆ ತೇಪೆ. ಈಗ ಆ ಜಾಗದ ಹತ್ತಿರದ ಫೋಟೊ ಹಾಕಿ, ‘ಇದು ತೇಪೆ ಅಲ್ಲ, ನೇಯ್ಗೆಯ ಕೊಂಡಿ’ ಎಂದು ಎರಡು ಸಾಲು ಬರೆದಿದ್ದೇನೆ. ಆ ದೂರು ಆಮೇಲೆ ಬಂದಿಲ್ಲ.

ಹೀಗೆಯೇ ಸೀರೆಯ ಉದ್ದ, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಹತ್ತಿಯೋ ರೇಷ್ಮೆಯೋ ಆರ್ಟ್ ಸಿಲ್ಕೋ (ಕೃತಕ ರೇಷ್ಮೆ), ಕೈಮಗ್ಗವೋ ಪವರ್‌ಲೂಮೋ ಎಲ್ಲ ಬರೆಯಿರಿ. ಪವರ್‌ಲೂಮ್ ಸೀರೆಗೆ ಕೈಮಗ್ಗ ಎಂದು ಬರೆದರೆ ಅಲ್ಲಿ ಮೋಸಗಾರರು ನೀವೇ. ಫೋಟೊ ಬೆಳಗಿನ ಬಿಸಿಲಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ಮೊದಲ ಸಲ ಬೇರೆಯಾಗಿ, ತಣ್ಣೀರಲ್ಲಿ ಒಗೆಯಬೇಕು ಎನ್ನುವುದನ್ನೂ ಸೇರಿಸಿ. ತಿನ್ನುವ ಮಾಲಾದರೆ ತಯಾರಿಸಿದ ದಿನ, ಎಷ್ಟು ದಿನ ಇರುತ್ತದೆ ಎನ್ನುವುದು ಬೇಕೇ ಬೇಕು.

‘ಮಾರಿದ ಮಾಲು ವಾಪಸ್ ಇಲ್ಲ’ ನಡೆಯುವುದಿಲ್ಲ

ಅಂಗಡಿಗಳಲ್ಲಿ ಈ ಬೋರ್ಡ್ ನೋಡಿ ನಾನೂ ವಾಟ್ಸ್‌ಆ್ಯಪ್‌ನಲ್ಲಿ ಅದನ್ನೇ ಹಾಕಿಕೊಂಡಿದ್ದೆ. ತಪ್ಪು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ 30 ದಿನ ಎಂದು ಲೆಕ್ಕ. ಆನ್‌ಲೈನ್ ವ್ಯಾಪಾರಕ್ಕೆಂದೇ 2020ರಲ್ಲಿ ಬಂದ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ. ಮಾಲು ಕೆಟ್ಟಿದ್ದರೆ, ನಕಲಿ ಆಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ವಾಪಸ್ ತಗೋಬೇಕು. ದೂರು ಬಂದ 48 ಗಂಟೆಯೊಳಗೆ ‘ನಿಮ್ಮ ದೂರು ತಲುಪಿದೆ’ ಎಂದು ಉತ್ತರಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಹಾಗಂತ ‘ಮನಸ್ಸು ಬದಲಾಯ್ತು’ ಅನ್ನುವವರಿಗೆಲ್ಲ ನೀವು ನೇರವಾಗಿ ಮಾರುವಾಗ ಹಣ ಕೊಡಬೇಕಿಲ್ಲ. ಆ್ಯಪ್‌ನಲ್ಲಿ ಮಾರಿದರೆ ಮಾತ್ರ ಅವರ ರಿಟರ್ನ್ ನಿಯಮಕ್ಕೆ ನೀವು ಒಪ್ಪಿ ಸೇರಿದ್ದೀರಿ, ಅದನ್ನು ಒಮ್ಮೆ ಪೂರ್ತಿ ಓದಿ. ನೇರ ಮಾರಾಟಕ್ಕೆ ನನ್ನ ನಿಯಮ ಐದೇ ಸಾಲು. ದೋಷ ಇದ್ದರೆ ಎಷ್ಟು ದಿನದಲ್ಲಿ ಹೇಳಬೇಕು, ಟ್ಯಾಗ್ ಕಿತ್ತಿರಬಾರದು, ಫಾಲ್ ಹಚ್ಚಿರಬಾರದು, ಕಳಿಸುವ ಖರ್ಚು ಯಾರದು, ಹಣ ಯಾವಾಗ ಮರಳುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಕ್ವಿಕ್ ರಿಪ್ಲೈ’ ಎಂದಿದೆ. ಆ ಐದು ಸಾಲನ್ನು ಅಲ್ಲಿ ಇಟ್ಟಿದ್ದೇನೆ. ಹಣ ಪಡೆಯುವ ಮುಂಚೆ ಕಳಿಸಿ, ‘ಒಪ್ಪಿಗೆ’ ಎಂದು ಬರೆಸಿಕೊಳ್ಳುತ್ತೇನೆ.

ಹೋಗುವಾಗ ಒಂದು ವಿಡಿಯೊ, ಬರುವಾಗ ಒಂದು

ಇದೊಂದನ್ನು ಬಿಡಬೇಡಿ. ಬೇಕಾದರೆ ಉಳಿದದ್ದೆಲ್ಲ ಮರೆಯಿರಿ.

ಕಳಿಸುವಾಗ: ಫೋನನ್ನು ಸ್ಟ್ಯಾಂಡಿಗೆ ನಿಲ್ಲಿಸಿ. ಸೀರೆ ಬಿಚ್ಚಿ ಸೆರಗು, ದಡಿ, ಟ್ಯಾಗ್ ತೋರಿಸಿ. ಮಡಿಸಿ ತಕ್ಕಡಿಯ ಮೇಲೆ ಇಡಿ, ತೂಕ ಕಾಣಲಿ. ಪ್ಯಾಕ್ ಮಾಡಿ, ಟೇಪ್ ಹಚ್ಚಿ, ವಿಳಾಸದ ಚೀಟಿ ಅಂಟಿಸಿ ಅದನ್ನೂ ಓದುವಂತೆ ತೋರಿಸಿ. ನಡುವೆ ಎಲ್ಲೂ ನಿಲ್ಲಿಸಬಾರದು. ಎರಡು ನಿಮಿಷದ ಕೆಲಸ. ಸೀರೆಯ ಒಳತುದಿಯಲ್ಲಿ ನನಗೊಬ್ಬಳಿಗೇ ಗೊತ್ತಿರುವ ಒಂದು ಸಣ್ಣ ದಾರದ ಗುರುತು ಹಾಕುತ್ತೇನೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ!

ವಾಪಸ್ ಬಂದಾಗ: ಪಾರ್ಸಲ್ ಹುಡುಗ ‘ಅಕ್ಕಾರ, ಓಟಿಪಿ ಹೇಳ್ರಿ, ಲೇಟ್ ಆಗೇತಿ’ ಎಂದು ಬಾಗಿಲಲ್ಲಿ ನಿಂತಿರುತ್ತಾನೆ. ಓಟಿಪಿ ಹೇಳಿದರೆ ಮಾಲು ಸರಿಯಾಗಿ ತಲುಪಿತು ಎಂದು ಬರೆದುಕೊಟ್ಟ ಹಾಗೆ. ಮೊದಲು ಟೇಪ್ ಹರಿದಿದೆಯಾ, ಪಾರ್ಸಲ್ ತೀರಾ ಹಗುರ ಆಗಿದೆಯಾ ನೋಡಿ. ನನ್ನ ಸೀರೆ 540 ಗ್ರಾಂ ಇತ್ತು, ಆ ಸಿಂಥೆಟಿಕ್ 380. ಆವತ್ತು ಕೈಯಲ್ಲಿ ಹಿಡಿದು ತೂಗಿದ್ದರೂ ಗೊತ್ತಾಗುತ್ತಿತ್ತು. ಬಿಚ್ಚುವಾಗ ಪಾರ್ಸಲ್ಲಿನ ಆರೂ ಬದಿ ವಿಡಿಯೊದಲ್ಲಿ ತೋರಿಸಿ, ಆಮೇಲೆ ಕತ್ತರಿ ಹಾಕಿ. ತಪ್ಪು ಮಾಲು ಇದ್ದರೆ ಅದೇ ದಿನ ಆ್ಯಪ್‌ನಲ್ಲಿ ಕ್ಲೇಮ್ ಹಾಕಿ. ಇದಕ್ಕೆ ಗಡುವು ಇರುತ್ತದೆ, ದಾಟಿದರೆ ಯಾರೂ ಕೇಳುವುದಿಲ್ಲ.

ಆ ಸಿಂಥೆಟಿಕ್ ಸೀರೆ ಇನ್ನೂ ನನ್ನ ಹತ್ತಿರವೇ ಇದೆ. ಪ್ಯಾಕಿಂಗ್ ಮೇಜಿನ ಮೇಲೆ ಉಲ್ಟಾ ಹಾಸಿದ್ದೇನೆ. ವಿಡಿಯೊದಲ್ಲಿ ಅದರ ಮೇಲೆ ಕೆಂಪು ಸೆರಗು ಚೆನ್ನಾಗಿ ಕಾಣುತ್ತದೆ.

ಹಣ ಬಂತು ಅಂದರೆ ಖಾತೆಯಲ್ಲಿ ಬರಬೇಕು

ಒಂದು ಸಂಜೆ ಒಲೆ ಮೇಲೆ ಅನ್ನಕ್ಕೆ ಎಸರು ಇಟ್ಟಿದ್ದೆ. ಮಿಲಿಟರಿ ಕ್ಯಾಂಪಿನಿಂದ ಎಂದು ಒಬ್ಬ ಹಿಂದಿಯಲ್ಲಿ ಮಾತಾಡಿದ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲ ಕಳಿಸಿದ. ನಮ್ಮ ಕಡೆ ಊರಿಗೆ ನಾಲ್ಕು ಮನೆಯವರಾದರೂ ಸೈನ್ಯದಲ್ಲಿರುತ್ತಾರೆ, ಆ ಹೆಸರು ಕೇಳಿದರೆ ಮನಸ್ಸು ಕರಗುತ್ತದೆ. ಮೋಸಗಾರರಿಗೂ ಇದು ಗೊತ್ತು. 2,400 ರೂಪಾಯಿಯ ಸೀರೆಗೆ 24,000 ಹಾಕಿದ ಸ್ಕ್ರೀನ್‌ಶಾಟ್ ಬಂತು, ಹಿಂದೆಯೇ ಹಣ ಜಮೆ ಆಗಿದೆ ಎಂಬ ಮೆಸೇಜ್. ‘ತಪ್ಪಿ ಒಂದು ಸೊನ್ನೆ ಜಾಸ್ತಿ ಒತ್ತಿದೆ, ಉಳಿದದ್ದು ಈ ನಂಬರಿಗೆ ಹಾಕಿ’ ಎಂದು ಅವಸರ ಮಾಡಿದ. ನಾನು ಹಾಕಲು ಫೋನ್ ಎತ್ತಿದ್ದೆ. ಸೊಪ್ಪು ಸೋಸುತ್ತಿದ್ದ ನಮ್ಮತ್ತಿ ತಲೆ ಎತ್ತಿ ಕೇಳಿದರು: ‘ಅಲ್ಲವಾ, ಅಷ್ಟ್ ರೊಕ್ಕ ಬಂದಿದ್ರ ನಿನ್ನ ಡಬ್ಬಿ ಯಾಕ ಒದರಲಿಲ್ಲ?’

ಡಬ್ಬಿ ಅಂದರೆ ಹಣ ಬಂದಾಗ ಕೂಗಿ ಹೇಳುವ ಸೌಂಡ್ ಬಾಕ್ಸ್. ಖಾತೆ ನೋಡಿದೆ, ಒಂದು ಪೈಸೆ ಬಂದಿರಲಿಲ್ಲ. ಆ ಮೆಸೇಜ್ ಬಂದದ್ದು ಬ್ಯಾಂಕಿನ ಹೆಸರಿನಿಂದ ಅಲ್ಲ, ಸಾದಾ 10 ಅಂಕಿಯ ಮೊಬೈಲ್ ನಂಬರಿನಿಂದ.

ಆದ್ದರಿಂದ ಸ್ಕ್ರೀನ್‌ಶಾಟ್ ನಂಬಬೇಡಿ, ಮೆಸೇಜೂ ನಂಬಬೇಡಿ, ಬ್ಯಾಂಕಿನ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಿಮ್ಮ ಹಣ ಹೋಗುತ್ತಿದೆ ಎಂದೇ ಅರ್ಥ. ನಿಜವಾಗಿಯೂ ಹೆಚ್ಚು ಹಣ ಬಂದಿದ್ದರೆ, ಬಂದ ಖಾತೆಗೇ ತಿರುಗಿ ಹೋಗಬೇಕು, ಅದೂ ನಿಮ್ಮ ಬ್ಯಾಂಕಿಗೆ ತಿಳಿಸಿ. ಬೇರೆ ನಂಬರಿಗೆ ಹಾಕಬೇಡಿ. ಯಾರಿಂದಲೋ ಕದ್ದ ಹಣ ನಿಮ್ಮ ಖಾತೆ ದಾಟಿ ಹೋದರೆ ಪೊಲೀಸರ ಸೂಚನೆಯ ಮೇಲೆ ಬ್ಯಾಂಕು ನಿಮ್ಮ ಖಾತೆಯನ್ನೇ ತಡೆಹಿಡಿಯಬಹುದು. ಅದಕ್ಕೇ ವ್ಯಾಪಾರಕ್ಕೆ ಬೇರೆ ಖಾತೆ ಇಡಿ, ಮನೆಯ ಉಳಿತಾಯ ಅದರಲ್ಲಿ ಬೆರೆಸಬೇಡಿ.

ಕ್ಯಾಶ್ ಆನ್ ಡೆಲಿವರಿ

ತರಿಸಿಕೊಂಡು ಬಾಗಿಲಲ್ಲೇ ‘ಬೇಡ’ ಅನ್ನುವವರಿಂದ ಎರಡೂ ಕಡೆಯ ಸಾಗಣೆ ಖರ್ಚು ನಮ್ಮ ತಲೆ ಮೇಲೆ. ನೇರ ಮಾರಾಟದಲ್ಲಿ ನಾನು 200 ರೂಪಾಯಿ ಸಂಚಕಾರ, ಅಂದರೆ ಮುಂಗಡ ತಗೋತೀನಿ, ಹೊಲ ಮನೆ ಖರೀದಿಯಲ್ಲಿ ತಗೊಳ್ಳುವ ಹಾಗೆ. ಕೊಡಲು ಹಿಂದೆ ಮುಂದೆ ನೋಡುವವರು ಸೀರೆಯನ್ನೂ ತಗೊಳ್ಳುವುದಿಲ್ಲ. ಕಳಿಸುವ ಮುಂಚೆ ಒಂದು ಫೋನ್, ಪಿನ್‌ಕೋಡ್, ಮನೆ ಹತ್ತಿರದ ಗುರುತು. ಅಷ್ಟು ಸಾಕು.

ರೇಟಿಂಗ್ ಬೆದರಿಕೆ

‘500 ರೂಪಾಯಿ ಬಿಡಿ, ಇಲ್ಲ ಅಂದರೆ ಒಂದು ಸ್ಟಾರ್ ಕೊಡ್ತೀನಿ.’ ಇದಕ್ಕೆ ಫೋನಿನಲ್ಲಿ ಉತ್ತರ ಕೊಡಬೇಡಿ, ಬರಹದಲ್ಲೇ ಮಾತಾಡಿ. ಬೆದರಿಕೆ ಅವರ ಬರಹದಲ್ಲೇ ಉಳಿಯಲಿ. ಸ್ಕ್ರೀನ್‌ಶಾಟ್ ತೆಗೆದು ಆ್ಯಪ್‌ಗೆ ಕಳಿಸಿ. ಕೆಟ್ಟ ಅಭಿಪ್ರಾಯ ಬಿದ್ದೇಬಿಟ್ಟರೆ ಕೆಳಗೆ ಮೂರು ಸಾಲಿನ ಉತ್ತರ ಹಾಕಿ: ಏನಾಯಿತು, ನೀವು ಏನು ಮಾಡಿದಿರಿ, ಈಗ ಏನು ಮಾಡಲು ಸಿದ್ಧ. ಸಿಟ್ಟು ಇಳಿದ ಮೇಲೆ ಬರೆಯಿರಿ. ನಾನು ರಾತ್ರಿ ಬರೆದದ್ದನ್ನು ಬೆಳಿಗ್ಗೆ ಚಹಾ ಕುಡಿದ ಮೇಲೆ ಕಳಿಸುತ್ತೇನೆ, ಅರ್ಧ ಅಳಿಸಿರುತ್ತೇನೆ. ತಮ್ಮ, ಮೈದುನ, ಕಾಕಾನ ಮಗಳ ಕೈಯಲ್ಲಿ ಐದು ಸ್ಟಾರ್ ಹಾಕಿಸುವ ಆಸೆ ಬರುತ್ತದೆ. ಮಾರುವವರೇ ಗಿರಾಕಿಯ ವೇಷದಲ್ಲಿ ಅಭಿಪ್ರಾಯ ಬರೆಯುವುದನ್ನು 2020ರ ನಿಯಮ ತಡೆಯುತ್ತದೆ.

‘ಗ್ರಾಹಕ ಕೋರ್ಟಿಗೆ ಹೋಗ್ತೀನಿ’ ಅಂದರೆ ಹೆದರಬೇಡಿ, ಹಗುರವಾಗಿಯೂ ತಗೋಬೇಡಿ. ಕೊಂಡವರು ತಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ನೀವು ಬಾಗಲಕೋಟೆಯಲ್ಲಿದ್ದರೂ ನೋಟಿಸು ಮೈಸೂರಿನಿಂದ ಬರಬಹುದು. ತಪ್ಪು ನಿಮ್ಮದಾಗಿದ್ದರೆ ಹಣ ಮರಳಿಸಿ ಮುಗಿಸುವುದೇ ಅಗ್ಗ. ನಿಮ್ಮದಲ್ಲದಿದ್ದರೆ ವಿಡಿಯೊ, ಬಿಲ್ಲು, ‘ಒಪ್ಪಿಗೆ’ ಎಂದು ಬರೆದ ಮೆಸೇಜ್ ಒಂದೇ ಫೋಲ್ಡರಿನಲ್ಲಿ ಇರಲಿ.

ಹಣ ಹೋದರೆ 1930

ನಾಚಿಕೆ ಪಡುತ್ತಾ ಕೂತರೆ ಕೆಟ್ಟಿರಿ. ಆ ಹಣ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಹಚ್ಚಿ. ಎಷ್ಟು ಬೇಗ ಹೇಳುತ್ತೀರೋ, ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಅಷ್ಟು ಜಾಸ್ತಿ. ನಿಮ್ಮ ಖಾತೆ ನಂಬರು, ಹೋದ ಮೊತ್ತ, ಹೋದ ಸಮಯ, ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರು, ಮೋಸಗಾರನ ಫೋನ್ ನಂಬರು ಕೈಯಲ್ಲಿರಲಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಆಮೇಲೆ ಬ್ಯಾಂಕಿಗೆ ಹೇಳಿ, ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ ಹೋಗಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ನಂಬರ್ ಬ್ಲಾಕ್ ಮಾಡುವುದು ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ ಮೇಲೆ.